ನಿಮಗಿದು ಗೊತ್ತೆ? ಇಡೀ ಊರೇ ಒಂದು ತಂಗುಮನೆ!
ಜಪಾನಿನ ಕಿನೊಸಾಕಿಯಲ್ಲಿ ಊರೇ ಒಂದು ತಂಗುಮನೆ. ರೈಲು ನಿಲ್ದಾಣ ಅದರ ಹೆಬ್ಬಾಗಿಲು, ಬೀದಿಗಳು ಪಡಸಾಲೆ, ‘ರ್‍ಯೊಕಾನ್’ ಎಂಬ ಹಳೆಯ ಬಗೆಯ ವಸತಿಗೃಹಗಳು ಕೋಣೆಗಳು ಎನ್ನುತ್ತಾರೆ ಅಲ್ಲಿನವರು. ಇದು ಬಣ್ಣದ ಮಾತಲ್ಲ. ಸಂಜೆಯಾದರೆ ಅತಿಥಿಗಳು ‘ಯುಕಾತ’ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಪಾದರಕ್ಷೆ ಟಕಟಕ ಎನ್ನಿಸುತ್ತ, 7 ಸಾರ್ವಜನಿಕ ಬಿಸಿನೀರಿನ ಸ್ನಾನಗೃಹಗಳತ್ತ ಹೊರಡುತ್ತಾರೆ. ರ್‍ಯೊಕಾನ್ ಬಾಡಿಗೆಯಲ್ಲಿ ರಾತ್ರಿಯೂಟ, ಬೆಳಗಿನ ಊಟ ಸೇರಿರುವುದು ರೂಢಿ. ಆದರೆ ಹಲವೆಡೆ ‘ಸುದೊಮಾರಿ’ ಎಂದರೆ ಬರೀ ಕೋಣೆ ಕೊಡುತ್ತಾರೆ. ಊಟ ಬೀದಿಯ ಹೋಟೆಲಿನಲ್ಲಿ. ಕೋಣೆಗೇ ಬರುವ ಬಗೆಬಗೆಯ ಊಟ ಬಿಟ್ಟರೆ ಸೊಗಸೇ ಹೋಯಿತು ಎನ್ನುವವರುಂಟು. ಒಂದೇ ರಾತ್ರಿ ತಂಗುವವರಿಗೆ ಆ ಮಾತು ನಿಜ. ಮೂರು ರಾತ್ರಿ ಇರುವವರು ಮಾತ್ರ ಒಂದು ಸಂಜೆಯಾದರೂ ಪುಟ್ಟ ಹೋಟೆಲೊಂದರಲ್ಲಿ ಕೂತು ಚಳಿಗಾಲದ ಮತ್ಸುಬಾ ಏಡಿಯನ್ನು ಬಿಸಿಬಿಸಿಯಾಗಿ ತಿನ್ನಬೇಕು.