ಬಿಲ್ಲೆಯೊಳಗಿನ ಅಂಕಿ

ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಅಂಕಿಯ ನಂಟು ಹಳೆಯದು. ಗಜೇಂದ್ರಗಡದ ಸಮೀಪದ ಸೂಡಿ, ಚಾಲುಕ್ಯರ ಅಕ್ಕಾದೇವಿ ಆಳಿದ ಕಿಸುಕಾಡು-70ಕ್ಕೆ ಸೇರಿತ್ತು. ನಾಡಿನ ಹೆಸರಿಗೇ ಸಂಖ್ಯೆ ಅಂಟಿಕೊಂಡಿದ್ದ ಕಾಲ ಅದು.

ಇಂದು ಇಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಜಾತ್ರೆಯ ಕರಪತ್ರಕ್ಕೋ ವಾರ್ಡಿನ ಪಟ್ಟಿಗೋ ಅಂದ ಬೇಕೆಂದರೆ ❶, ❷, ❸ ಎಂಬ ಕಪ್ಪು ಬಿಲ್ಲೆಗಳು ಸುಲಭವಾಗಿ ಕೈಗೆ ಸಿಗುತ್ತವೆ. ಇವುಗಳ ಮೂಲ ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಝಾಫ್ ರೂಪಿಸಿ, 1978ರಲ್ಲಿ ಹೊರಬಂದ ಡಿಂಗ್‌ಬ್ಯಾಟ್ಸ್ ಫಾಂಟ್. 1991ರಲ್ಲಿ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ನಿಗದಿಪಡಿಸುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗ ಅವಕ್ಕೂ ಸಂಕೇತಗಳು ದೊರೆತವು. ಬಿಳಿ ಸುತ್ತಿನ ①, ②ಗಳೂ ಸೇರಿದವು. ಕನ್ನಡದ ೦ಯಿಂದ ೯ರವರೆಗಿನ ಅಂಕಿಗಳೂ ಅದೇ ಆವೃತ್ತಿಯಲ್ಲಿ ಜಾಗ ಪಡೆದವು. ಸುತ್ತಿನೊಳಗಿನ ೫ಕ್ಕೆ ಮಾತ್ರ ಪ್ರತ್ಯೇಕ ಸಂಕೇತ ಇಲ್ಲ.

ಅದು ಕೊರತೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳನ್ನು ನೆನೆಯಿರಿ. ಹೆಸರಿನ ಕೊನೆಗೆ ‘ಇ’ ಇದ್ದರೆ 5, ‘ಕೆ’ ಇದ್ದರೆ ೫. ಒತ್ತುವ ಕೀಲಿ ಒಂದೇ, ಒಳಗಿನ ಸಂಕೇತವೂ ಒಂದೇ. ಕನ್ನಡತನ ಇದ್ದದ್ದು ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಡತ ಹೋದರೆ ಕನ್ನಡ ಅಂಕಿಯೇ ಮಾಯ. ಯೂನಿಕೋಡ್‌ನಲ್ಲಿ ೫ಕ್ಕೆ ತನ್ನದೇ ಸಂಕೇತವಿದೆ, ಅದರ ಬೆಲೆ ಐದು ಎಂಬುದೂ ದಾಖಲಾಗಿದೆ. ಫಾಂಟ್ ಯಾವುದಾದರೂ ೫ ೫ ಆಗಿಯೇ ಉಳಿಯುತ್ತದೆ.

ಅಲಂಕಾರದ ಅಂಕಿಗೆ ಈ ಭರವಸೆ ಅರ್ಧ ಮಾತ್ರ. ⑤ ಎಂದರೆ ಸುತ್ತು ಹಾಕಿದ 5 ಎಂಬ ನಂಟು ಯೂನಿಕೋಡ್ ದಾಖಲೆಯಲ್ಲಿದೆ. ❺ಕ್ಕೆ ಐದರ ಬೆಲೆ ಇದ್ದರೂ ಆ ನಂಟಿಲ್ಲ. ಹೀಗಾಗಿ ‘ವಾರ್ಡ್ ❺’ ಎಂದು ಬೆರಳಚ್ಚಿಸಿದ ಪಟ್ಟಿಯಲ್ಲಿ 5 ಎಂದು ಹುಡುಕಿದರೆ ಆ ಸಾಲು ಸಿಗದೇ ಹೋಗಬಹುದು. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಗಳಲ್ಲಿ ಕೆಲವು ಇಂಥ ಚಿಹ್ನೆಯನ್ನು ಬಿಟ್ಟು ಮುಂದೆ ಹೋಗುತ್ತವೆ. ಜನರಿಗೆ ಬೇಕಾದ ಪಟ್ಟಿಯಲ್ಲಿ ಇದು ಸಣ್ಣ ತೊಡಕಲ್ಲ.

ಅಕ್ಷರದ ಸುತ್ತ ವೃತ್ತ ಕೂಡಿಸುವ ಬೇರೆ ಸಂಕೇತವೊಂದು ಯೂನಿಕೋಡ್‌ನಲ್ಲಿದೆ. ಆದರೆ ೫⃝ ಎಂದು ಬರೆದರೆ ಎಷ್ಟೋ ಫಾಂಟುಗಳಲ್ಲಿ ವೃತ್ತ ಒಂದು ಕಡೆ, ಅಂಕಿ ಇನ್ನೊಂದು ಕಡೆ. ಅದಕ್ಕಿಂತ ೫ ಎಂದೇ ಬೆರಳಚ್ಚಿಸಿ, ಬಿಲ್ಲೆಯನ್ನು ಪುಟ ವಿನ್ಯಾಸದಲ್ಲಿ ಅಂಕಿಯ ಹಿಂದೆ ಬಿಡಿಸಿಕೊಳ್ಳುವುದು ಲೇಸು. ಕರಪತ್ರದ ಅಂದ ಕೆಡದು, ಹುಡುಕಿದವರಿಗೆ ಅಂಕಿಯೂ ಸಿಗುತ್ತದೆ.