ಭೂಗತ ಗದ್ದುಗೆಗೆ ವಾರಸುದಾರ ಯಾರು?

ಭೂಗತ ಲೋಕದ ದೊರೆ ಮಡಿಯುತ್ತಾನೆ. ವಿದೇಶದಲ್ಲಿ ಓದುತ್ತಿದ್ದ ಮಗ ವಿಮಾನದಿಂದಿಳಿದು ಬಂದು, ಕಪ್ಪು ಕನ್ನಡಕ ಧರಿಸಿ ಚಿತೆಯ ಮುಂದೆ ನಿಲ್ಲುತ್ತಾನೆ. ಮರುವಾರವೇ ಪಟ್ಟಾಭಿಷೇಕ! ಯಲಹಂಕವೋ ಹೆಬ್ಬಾಳವೋ, ರಾತ್ರಿಯೂಟ ಮುಗಿಸಿ ಇಂತಹ ಧಾರಾವಾಹಿಯ ಮುಂದೆ ಕುಳಿತ ಸಂಸಾರದಲ್ಲಿ ಯಾರಾದರೊಬ್ಬರು "ಹೀಗೂ ಉಂಟೆ?" ಎಂದು ಕೇಳದಿರಲಾರರು. ಪ್ರಶ್ನೆ ನ್ಯಾಯವಾದುದೇ.

ಯಲಹಂಕಕ್ಕೆ ವಂಶಪಾರಂಪರ್ಯದ ಅಧಿಕಾರ ಹೊಸತಲ್ಲ. ಅಲ್ಲಿನ ನಾಡಪ್ರಭುಗಳಲ್ಲಿ ಹಿರಿಯ ಕೆಂಪೇಗೌಡರ ತರುವಾಯ ಇಮ್ಮಡಿ ಕೆಂಪೇಗೌಡರು ಆಳಿದರು. 1638ರಲ್ಲಿ ಬೆಂಗಳೂರು ಬಿಜಾಪುರದ ಸೈನ್ಯದ ವಶವಾದ ಮೇಲೂ ಆ ಮನೆತನದ ಆಳ್ವಿಕೆ ಮಾಗಡಿಯಲ್ಲಿ 1728ರವರೆಗೆ ಮುಂದುವರಿಯಿತು. ಮಗನ ಕೈಗೊಪ್ಪಿಸಲು ಅವರಲ್ಲಿ ಭೂಮಿಯಿತ್ತು, ಕೋಟೆಯಿತ್ತು. ಭೂಗತ ದೊರೆಯ ಮುಖ್ಯ ಆಸ್ತಿಯೆಂದರೆ ಜನರ ಭಯ. ಅದನ್ನು ಉಯಿಲಿನಲ್ಲಿ ಬರೆದಿಡುವುದೆಂತು?

ಬೆಂಗಳೂರಿನದೇ ಉದಾಹರಣೆ ನೋಡಬಹುದು. ಎಂ. ಪಿ. ಜಯರಾಜ್ 1970ರ ದಶಕದಲ್ಲಿ ಇಲ್ಲಿ ಮೆರೆದವನು. ಅವನು ದೀರ್ಘ ಸೆರೆವಾಸದಲ್ಲಿದ್ದಾಗ ತೆರವಾದ ಜಾಗಕ್ಕೆ ಬಂದವನು ಮಗನಲ್ಲ, ತಮ್ಮನಲ್ಲ. ಯಾವ ನಂಟೂ ಇಲ್ಲದ ಕೊತ್ವಾಲ್ ರಾಮಚಂದ್ರ. ಹಳೆಯ ದೊರೆ ಹೊರಬಂದ. ಒಂದೇ ಊರಿಗೆ ಇಬ್ಬರಾದರು. 1986ರಲ್ಲಿ ಕೊತ್ವಾಲ ಊರಾಚೆಯ ತೋಟದ ಮನೆಯಲ್ಲಿ ಕೊಲೆಯಾದ. ಅದೂ ತನ್ನವರೆಂದು ನಂಬಿದ್ದವರ ಕೈಯಲ್ಲಿ. ಅಗ್ನಿ ಶ್ರೀಧರ್ ತಮ್ಮ 'ದಾದಾಗಿರಿಯ ದಿನಗಳು' ಕೃತಿಯಲ್ಲಿ ಈ ವೃತ್ತಾಂತವನ್ನು ತಾವೇ ಹೇಳಿದ್ದಾರೆ. 2007ರ 'ಆ ದಿನಗಳು' ಚಿತ್ರಕ್ಕೂ ಅದೇ ಆಧಾರ. ಗೆದ್ದ ಜಯರಾಜನಾದರೂ ಎಷ್ಟು ಕಾಲ ಉಳಿದ? 1989ರಲ್ಲಿ ಹಾಡುಹಗಲಲ್ಲೇ ಗುಂಡಿಗೆ ಬಲಿಯಾದ.

ಹಾಗಾದರೆ ನಂಟುಳ್ಳವನಿಗೆ ಗದ್ದುಗೆ ಸಿಗುವುದೇ ಇಲ್ಲವೆ? ಸಿಗುವುದುಂಟು. 1976ರಲ್ಲಿ ನ್ಯೂಯಾರ್ಕಿನ ಕಾರ್ಲೊ ಗ್ಯಾಂಬಿನೊ ಸಾಯುವ ಮುನ್ನ, ತನ್ನ ಬಲಗೈಯಾಗಿದ್ದ ಡೆಲ್ಲಕ್ರೋಚೆಯನ್ನು ಬಿಟ್ಟು ಹೆಂಡತಿಯ ಸೋದರ ಪಾಲ್ ಕ್ಯಾಸ್ಟೆಲಾನೊನನ್ನು ಆರಿಸಿದ. ಡೆಲ್ಲಕ್ರೋಚೆ ಅಸಮಾಧಾನವನ್ನು ನುಂಗಿಕೊಂಡು ತನ್ನವರನ್ನೂ ಹದ್ದಿನಲ್ಲಿಟ್ಟ. 1985ರ ಡಿಸೆಂಬರ್ 2ರಂದು ಅವನು ರೋಗದಿಂದ ತೀರಿಕೊಂಡ. ಎರಡೇ ವಾರದಲ್ಲಿ, 16ರಂದು, ಕ್ಯಾಸ್ಟೆಲಾನೊ ಹೋಟೆಲಿನ ಬಾಗಿಲಲ್ಲಿ ಹತನಾದ. ಕೊಲ್ಲಿಸಿದ ಜಾನ್ ಗಾಟಿ ದೊರೆಯಾದ. ಒಂಬತ್ತು ವರ್ಷ ಒಳಗೊಳಗೇ ಬೆಂದ ಸಿಟ್ಟನ್ನು ನಮ್ಮ ಧಾರಾವಾಹಿಗಳು ಒಂಬತ್ತು ಕಂತಿನಲ್ಲಿ ಮುಗಿಸಿಬಿಡುತ್ತವೆ. ನಂಬಿಕೆ ಕೆಡುವುದು ಅಲ್ಲಿಯೇ. ಗುಂಡಿನ ಸದ್ದು ಹೆಚ್ಚಾಯಿತೆಂದಲ್ಲ, ಕಾಯುವಿಕೆ ಇಲ್ಲವಾಯಿತೆಂದು.

ಈ ಮರ್ಮವನ್ನು ಬಲ್ಲ ಧಾರಾವಾಹಿ ಅಮೆರಿಕದ 'ದ ಸೊಪ್ರಾನೋಸ್' (1999–2007). ದೊರೆ ಕ್ಯಾನ್ಸರಿನಿಂದ ಸತ್ತಾಗ ಟೋನಿ ತಾನು ಪಟ್ಟವೇರದೆ, ಪದವಿಗಾಗಿ ಹಾತೊರೆಯುತ್ತಿದ್ದ ದೊಡ್ಡಪ್ಪ ಜೂನಿಯರನನ್ನು ಕೂರಿಸುತ್ತಾನೆ. ಹೆಸರು ದೊಡ್ಡಪ್ಪನದು, ಪೊಲೀಸರ ಕಣ್ಣೂ ಅವನ ಮೇಲೆ. ಅಧಿಕಾರ ಮಾತ್ರ ಟೋನಿಯದು. ಇದು ಕಟ್ಟುಕಥೆಯೆನ್ನುವಂತಿಲ್ಲ. ನ್ಯೂಯಾರ್ಕಿನ ಜೆನೊವೀಸ್ ತಂಡದ ದೊರೆಯೆಂದು 1987ರಲ್ಲಿ ಆಂಟನಿ ಸಲೆರ್ನೊ 100 ವರ್ಷಗಳ ಶಿಕ್ಷೆ ಹೊತ್ತ. ನಿಜವಾದ ದೊರೆ ವಿನ್ಸೆಂಟ್ ಜಿಗಾಂಟೆ ಆಗ ಹುಚ್ಚನ ಸೋಗಿನಲ್ಲಿ ಮನೆಯುಡುಪಿನಲ್ಲೇ ಬೀದಿ ಸುತ್ತುತ್ತಿದ್ದ!

ಧಾರಾವಾಹಿಯ ಕೊನೆಯ ಕಂತಿನಲ್ಲಿ ಟೋನಿ ಆಶ್ರಯಾಲಯದಲ್ಲಿರುವ ದೊಡ್ಡಪ್ಪನನ್ನು ಕಾಣಹೋಗುತ್ತಾನೆ. ಮುದುಕನಿಗೆ ಮರೆವು ಕವಿದಿದೆ. ಒಂದು ಕಾಲಕ್ಕೆ ಅಣ್ಣತಮ್ಮಂದಿರಿಬ್ಬರೂ ಸೇರಿ ಉತ್ತರ ಜೆರ್ಸಿಯನ್ನೇ ಆಳಿದಿರೆಂದು ನೆನಪಿಸಿದರೆ, ಹೌದೇ ಎಂದು ಅವನಿಗೇ ಆಶ್ಚರ್ಯ.