ಮದುವೆಗೆ ಮನೆಯಲ್ಲೇ ಒಣಗಿಸಿದ ಹೂವೆಸಳು

ನಮ್ಮ ಕರಾವಳಿಯಲ್ಲಿ ಮದುವೆ ಎಂದರೆ ಮಲ್ಲಿಗೆ. ಅದೇ ಮಲ್ಲಿಗೆಯನ್ನು ಮೇ ತಿಂಗಳಲ್ಲಿ ಕಲಬುರಗಿ ಕಡೆಗೆ ಒಯ್ದರೆ ನಿಖಾಹ್ ಮುಗಿಯುವಷ್ಟರಲ್ಲಿ ಬಾಡಿರುತ್ತದೆ. ಲಾಡ್ಲೆ ಮಶಾಯಕ್ ದರ್ಗಾದ ಊರು ಆಳಂದ, ಭೀಮಾ ತೀರದ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುವುದು ಮಾಮೂಲು. ಆದರೆ ಹೂ ಬಾಡಿಸುವ ಆ ಒಣ ಗಾಳಿಯೇ ಎಸಳು ಒಣಗಿಸಲಿಕ್ಕೆ ಹೇಳಿ ಮಾಡಿಸಿದಂತಿದೆ. ಆ ಕಡೆ ಸಂಬಂಧ ಬೆಳೆಸಿದವರು ಮಾಡಿ ನೋಡಬಹುದು.

ನಿಶ್ಚಿತಾರ್ಥದ ಗುಲಾಬಿ ಹಾರವನ್ನು ಮರುದಿನ ಕಸಕ್ಕೆ ಹಾಕ್ಬೇಡಿ. ಎಸಳು ಬಿಡಿಸಿ, ಕಪ್ಪಾದದ್ದನ್ನು ತೆಗೆದು, ಹತ್ತಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ. ನೆರಳಲ್ಲೇ ಇಡಬೇಕು, ಅಲ್ಲಿಯವರ ಮಾತಲ್ಲಿ 'ನೆಳ್ಳಾಗ'. ಬಿಸಿಲಿಗಿಟ್ಟರೆ ಬಣ್ಣ ಹೋಗ್ತದೆ. ಫ್ಯಾನ್ ಜೋರು ಮಾಡಿದಿರೋ, ಮನೆಯೆಲ್ಲ ಹೂವೇ! ಮುಟ್ಟಿದಾಗ ಕಾಗದದ ಹಾಗೆ ಸರಸರ ಅಂದರೆ ಡಬ್ಬಕ್ಕೆ ತುಂಬಿ. ಕಿಲೋ ಎಸಳು ಒಣಗಿದರೆ ಕಾಲು ಕಿಲೋವೂ ಉಳಿಯುವುದಿಲ್ಲ. ಕಡಿಮೆ ಬಿದ್ದರೆ ಚೆಂಡುಹೂ ಸೇರಿಸಿ. ಮಲ್ಲಿಗೆ ಮಾತ್ರ ಬೇಡ, ಒಣಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಮಂಗಳೂರಿನಲ್ಲಾದರೆ ಈ ಕೆಲಸ ಮಳೆಗೆ ಮೊದಲೇ ಮುಗಿಯಬೇಕು. ಜೂನ್‌ನ ಒದ್ದೆ ಗಾಳಿಗೆ ಬೂಸ್ಟು ಬರ್ತದೆ.

ಮಿಂಚಿನ ಪ್ಲಾಸ್ಟಿಕ್ ಚೂರು ಎರಚಿದರೆ ಹಾಲ್ ಗುಡಿಸಿ ಮುಗಿಯುವುದಿಲ್ಲ. ತಾಜಾ ಹೂವಿನ ಅಲಂಕಾರಕ್ಕೆ ಸಾವಿರಗಟ್ಟಲೆ ಸುರಿದರೆ, ಬಿಲ್ಲು ಕಟ್ಟುವವರು ಹೆಚ್ಚಾಗಿ ಹುಡುಗಿಯ ಬಾಪನೇ. ಅದರ ಬದಲು ಕಾಗದದ ಪೊಟ್ಟಣ ಮಾಡಿ, ಮದುಮಕ್ಕಳ ಹೆಸರನ್ನು ಮನೆಯ ಮಕ್ಕಳ ಕೈಯಲ್ಲೇ ಬರೆಸಿ, ಒಂದೊಂದು ಹಿಡಿ ಎಸಳು ತುಂಬಿ ಹಂಚಬಹುದು. ನೆಲ ಒದ್ದೆಯಿದ್ದಲ್ಲಿ ಮಾತ್ರ ಎರಚಬೇಡಿ, ಬಿಳಿ ಬಟ್ಟೆಗೆ ಕಲೆ ಹಿಡಿದೀತು.